ಗೋಡೆಯ ಮೇಲಿನ ಗರಗಸ

ಕಳೆದ ತಿಂಗಳು ಹಾನಗಲ್ಲಿನಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳು ಗುರುವಂದನೆಯ ಕಾರ್ಯಕ್ರಮವೊಂದನ್ನು ಏರ್ಪಡಿಸಿದ್ದರು. ಶಾಲು ಹೊದಿಸಿದರು, ಫಲಪುಷ್ಪ ಕೊಟ್ಟರು, ಗೋದಿ ಹುಗ್ಗಿಯ ಊಟಕ್ಕೆ ಕೂಡಿಸಿದರು. ಅದೆಲ್ಲದರ ನಡುವೆ ಮೂವರು ಬೇರೆ ಬೇರೆ ಹೊತ್ತಿನಲ್ಲಿ ಬಳಿಗೆ ಬಂದು ಕೇಳಿದ ಪ್ರಶ್ನೆ ಮಾತ್ರ ಒಂದೇ ಆಗಿತ್ತು: "ಸರ, ಆ ಮೀನಿನ ಗರಗಸ ಇನ್ನೂ ಐತೇನ್ರಿ?" ನಾನು ಕಲಿಸಿದ ನ್ಯೂಟನ್ನನ ನಿಯಮಗಳನ್ನು ಯಾರೂ ಕೇಳಲಿಲ್ಲ. ಆ ಗದ್ದಲದಲ್ಲಿ ಉತ್ತರ ಹೇಳಲು ಆಗಲಿಲ್ಲ, "ಬರೆದು ತಿಳಿಸುತ್ತೇನೆ" ಎಂದು ಬಂದೆ. ಕೊಟ್ಟ ಮಾತನ್ನು ಈಗ ನಡೆಸುತ್ತಿದ್ದೇನೆ. ಬರೆಯಹೊರಟರೆ ಅದರಲ್ಲಿ ಎರಡು ತಪ್ಪೊಪ್ಪಿಗೆಗಳೂ ಸೇರಿಕೊಳ್ಳುತ್ತವೆ. ಇರಲಿ.

ಗರಗಸವನ್ನು ನೋಡದ ನೆಂಟರಿಷ್ಟರಿಗಾಗಿ ಮೊದಲು ಅದು ನನ್ನ ಕೈಸೇರಿದ ಬಗೆಯನ್ನು ಹೇಳಬೇಕು. 1986ರ ಡಿಸೆಂಬರ್. ಆಗ ಹಾವೇರಿ ಜಿಲ್ಲೆ ಇನ್ನೂ ಹುಟ್ಟಿರಲಿಲ್ಲ, ನಾವೆಲ್ಲ ಧಾರವಾಡ ಜಿಲ್ಲೆಯವರು. ನಾನು ಹಾನಗಲ್ಲ ತಾಲೂಕಿನ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನದ ಎಳೆಯ ಶಿಕ್ಷಕ. ಹತ್ತನೆಯ ತರಗತಿಯ ಮಕ್ಕಳನ್ನು ಪ್ರವಾಸಕ್ಕೆ ಕಾರವಾರಕ್ಕೆ ಕರೆದೊಯ್ದಿದ್ದೆವು. ಶಿರಸಿ ದಾಟಿ ದೇವಿಮನೆ ಘಟ್ಟ ಇಳಿದರೆ ಕುಮಟೆ; ಹಾನಗಲ್ಲಿನಿಂದ ಸಮುದ್ರ ಅಷ್ಟೇನೂ ದೂರವಿಲ್ಲ. ಆದರೂ ಆ ಬಸ್ಸಿನಲ್ಲಿದ್ದ ಬಹುತೇಕ ಮಕ್ಕಳು ಸಮುದ್ರವನ್ನು ಕಂಡಿರಲಿಲ್ಲ. ನಮ್ಮ ಕಡೆಯ ನದಿಗಳ ಸ್ವಭಾವವೇ ಹಾಗೆ. ಧರ್ಮೆಯೂ ವರದೆಯೂ ಘಟ್ಟದ ಸೆರಗಿನಲ್ಲಿ ಹುಟ್ಟಿದರೂ ಬಳಿಯಲ್ಲಿಯೇ ಇರುವ ಕಡಲಿಗೆ ಬೆನ್ನು ತಿರುಗಿಸಿ ಮೂಡಣಕ್ಕೆ ಹರಿಯುತ್ತವೆ. ವರದೆ ಗಳಗನಾಥದ ಬಳಿ ತುಂಗಭದ್ರೆಯನ್ನು ಕೂಡಿ, ಆಮೇಲೆ ಕೃಷ್ಣೆಯ ಸಂಗಡ ಬಂಗಾಳ ಕೊಲ್ಲಿಯವರೆಗೆ ನಡೆಯುತ್ತದೆ. ನಮ್ಮ ಜನರ ಮನಸ್ಸೂ ಅದೇ ದಿಕ್ಕಿಗೆ ಹರಿಯುತ್ತದೆಯೋ ಏನೋ! ಪಡುವಣದ ಕಡಲೆಂದರೆ ನಮಗೆ ಮಳೆ ಬರುವ ದಿಕ್ಕು, ಅಷ್ಟೇ.

ಕಾರವಾರದ ಬೈತಖೋಲ ಬಂದರಿನಲ್ಲಿ ಮಕ್ಕಳು ದೋಣಿಗಳನ್ನು ಎಣಿಸುತ್ತಿದ್ದಾಗ, ಒಬ್ಬ ವಯಸ್ಸಾದ ಮೀನುಗಾರರ ಮನೆಯ ಸೂರಿನಡಿಯಲ್ಲಿ ಅದು ತೂಗುತ್ತಿರುವುದನ್ನು ಕಂಡೆ. ಸುಮಾರು ಎರಡು ಅಡಿ ಉದ್ದ, ಅಂಗೈಗಿಂತ ಕಿರಿದಾದ ಅಗಲ, ಒಣಗಿ ಹಳದಿಗಟ್ಟಿದ ಪಟ್ಟಿ. ಎರಡೂ ಅಂಚುಗಳಲ್ಲಿ ಚಪ್ಪಟೆಯಾದ, ಚೂರಿಯಂತಹ ಮುಕ್ಕೋನದ ಹಲ್ಲುಗಳು. ನಮ್ಮೂರ ಬಡಿಗರ ಮನೆಯ ಗರಗಸಕ್ಕೆ ಒಂದೇ ಬದಿಗೆ ಹಲ್ಲು, ಇದಕ್ಕೆ ಎರಡು ಬದಿಗೆ. ನಾನು ಆಸೆಗಣ್ಣಿನಿಂದ ನೋಡುವುದನ್ನು ಕಂಡು ಅವರು ಇಪ್ಪತ್ತು ರೂಪಾಯಿ ಹೇಳಿದರು. ಹತ್ತಕ್ಕೆ ಕೇಳಿದೆ. ಇಂತಹ ಮೀನು ತಮ್ಮ ಬಲೆಗೆ ಬಿದ್ದು ಐದಾರು ವರ್ಷಗಳೇ ಆದವು, ಮೊದಲಾದರೆ ರಂಪಣಿ ಬಲೆಗೂ ಬೀಳುತ್ತಿತ್ತು, ಇನ್ನು ಮುಂದೆ ನಿಮಗೆ ಇದು ಸಿಗುವುದಿಲ್ಲ ಎಂದು ಅವರು ಕೊಂಕಣಿ ಬೆರೆತ ಕನ್ನಡದಲ್ಲಿ ಹೇಳಿದರು. ಬೆಲೆ ಏರಿಸುವ ವ್ಯಾಪಾರದ ಮಾತೆಂದು ತಿಳಿದು ನಾನು ನಕ್ಕೆ. ಕೊನೆಗೆ ಹದಿನೈದಕ್ಕೆ ಒಪ್ಪಿದರು. ಅದೊಂದು ನಿಜವಾದ ವರದಿಯೆಂದು ನನಗೆ ಅರ್ಥವಾಗಲು ಮೂವತ್ತೈದು ವರ್ಷ ಬೇಕಾಯಿತು.

ಮೀನು ಮುಟ್ಟದ ಮನೆತನ ನಮ್ಮದು. ಗರಗಸವನ್ನು ಮನೆಗೆ ತಂದ ದಿನ ಅವ್ವ ಅದನ್ನು ಪಡಸಾಲೆಯ ಹೊಸ್ತಿಲು ದಾಟಲು ಬಿಡಲಿಲ್ಲ. "ಯಾವ ತಾಯಿ ಮಗನೋ ಏನೋ, ಅದರ ಮೂಗು ಕೊಯ್ಕೊಂಡ ಬಂದೀಯಲ್ಲೋ" ಎಂದು ಒಂದೇ ಮಾತು ಅಂದು ಒಳಗೆ ಹೋದಳು. ಅಕ್ಷರ ಕಲಿಯದ ಅವ್ವನಿಗೆ ಅದು ಮೂಗು ಎಂದು ಹೇಗೆ ಹೊಳೆಯಿತೋ! ಬಿ.ಇಡಿ. ಮಾಡಿದ ನಾನು ಅದನ್ನು ಆಯುಧವೆಂದೇ ತಿಳಿದಿದ್ದೆ.

ಗರಗಸ ಶಾಲೆಗೆ ಹೋಯಿತು. ಅಲ್ಲಿಂದ ಮುಂದೆ ನನಗೆ ವರ್ಗವಾದಲ್ಲೆಲ್ಲ ಟ್ರಂಕಿನ ಮೇಲೆ ಗೋಣಿಚೀಲದಲ್ಲಿ ಸುತ್ತಿಕೊಂಡು ಅದೂ ಬಂದಿತು: ಸವಣೂರಿಗೆ, ಹಿರೇಕೆರೂರಿಗೆ, ಶಿಗ್ಗಾವಿಗೆ. ಪ್ರಾಣಿಗಳ ವರ್ಗೀಕರಣದ ಪಾಠ ಬಂದಾಗ ಅದನ್ನು ಕೈಯಿಂದ ಕೈಗೆ ಕೊಟ್ಟು ಹಲ್ಲು ಎಣಿಸಲು ಹೇಳುತ್ತಿದ್ದೆ. ಎಡಕ್ಕೆ ಇಪ್ಪತ್ತೆರಡು, ಬಲಕ್ಕೆ ಇಪ್ಪತ್ತಮೂರು. ಶಿಗ್ಗಾವಿಯಲ್ಲಿ ಬಲಗಡೆಯ ಒಂದು ಹಲ್ಲು ಕಳೆದು ಲೆಕ್ಕ ಸಮವಾಯಿತು. ಯಾರು ಕಿತ್ತರೆಂಬುದು ನನಗೆ ಅಂದೇ ಗೊತ್ತಿತ್ತು. ಅವರು ಇಂದು ಊರಿನ ಗಣ್ಯರಲ್ಲಿ ಒಬ್ಬರು, ಆದ್ದರಿಂದ ಹೆಸರು ಬರೆಯುವುದಿಲ್ಲ.

ಹಲ್ಲು ಎಣಿಸಿದ ಮೇಲೆ ನಾನು ಹೇಳುತ್ತಿದ್ದ ಪಾಠ ಇದು: "ಮಕ್ಕಳೇ, ಇದು ಗರಗಸ ಮೀನು, ಒಂದು ಬಗೆಯ ಶಾರ್ಕ್. ಸಿಟ್ಟು ಬಂದರೆ ಮರದ ದೋಣಿಯನ್ನೂ ಕೊಯ್ಯುತ್ತದೆ." ಮಕ್ಕಳು ಬಾಯಿ ತೆರೆದು ಕೇಳುತ್ತಿದ್ದರು. ಹಿಡಿಕೆಯ ಕಡೆಗೆ ಒಂದು ಗೇಣಿನಷ್ಟು ಹಲ್ಲುಗಳೇ ಇರಲಿಲ್ಲ. ಅದೇಕೆಂದು ಯಾರಾದರೂ ಕೇಳಿದರೆ "ಹಿಡಿದುಕೊಳ್ಳಲು ಅನುಕೂಲವಾಗಲೆಂದು ಮೀನುಗಾರರು ಕೆತ್ತಿ ತೆಗೆದಿದ್ದಾರೆ" ಎನ್ನುತ್ತಿದ್ದೆ. ದೋಣಿಯ ಕಥೆಯನ್ನು ಯಾರಿಂದ ಕೇಳಿದ್ದೆನೋ ನೆನಪಿಲ್ಲ. ಕೆತ್ತಿದರೆಂಬ ಮಾತಂತೂ ನನ್ನದೇ ಸೃಷ್ಟಿ. ಗೊತ್ತಿಲ್ಲ ಎಂದು ಹೇಳಲು ನಾಚಿಕೆಪಡುವ ವಯಸ್ಸು ಅದು.

2021ರ ಮಾರ್ಚ್ ತಿಂಗಳು. ನಿವೃತ್ತನಾಗಿ ಎರಡು ವರ್ಷ ಕಳೆದಿತ್ತು. ಗರಗಸ ನಮ್ಮ ಮನೆಯ ಓದುವ ಕೋಣೆಯ ಗೋಡೆಯ ಮೇಲಿತ್ತು. ತಡೆಯಲು ಅವ್ವ ಇರಲಿಲ್ಲ. ಮಲ್ಪೆ ಬಂದರಿನಲ್ಲಿ ಭಾರಿ ಗಾತ್ರದ ಗರಗಸ ಮೀನೊಂದು ಬಲೆಗೆ ಸಿಕ್ಕಿತೆಂದೂ, ಕ್ರೇನಿನಿಂದ ಎತ್ತಬೇಕಾಯಿತೆಂದೂ, ಹರಾಜಾಯಿತೆಂದೂ ಸುದ್ದಿ ಬಂದಿತು. ಅದರ ವಿಡಿಯೋ ಎಲ್ಲರ ಮೊಬೈಲುಗಳಲ್ಲಿ ಹರಿದಾಡಿತು. ನನಗೂ ನಾಲ್ಕು ಕಡೆಯಿಂದ ಬಂದಿತು, "ನಿಮ್ಮ ಮೀನು ಸರ" ಎಂಬ ಒಕ್ಕಣೆಯೊಂದಿಗೆ. ನನಗೆ ಹೆಮ್ಮೆಯೇ ಆಯಿತು. ಗೋಡೆಯ ಮೇಲಿದ್ದ ನನ್ನ ಗರಗಸದ ಚಿತ್ರ ತೆಗೆದು ಅವರಿಗೆಲ್ಲ ಮರಳಿ ಕಳಿಸಿದೆ.

ಅಂದು ರಾತ್ರಿಯೇ ಒಂದು ಕರೆ ಬಂದಿತು. ಹಿರೇಕೆರೂರಿನಲ್ಲಿ ನನ್ನ ಕೈಯಲ್ಲಿ ಓದಿದ ಹುಡುಗಿ, ಈಗ ಕಡಲ ಜೀವಶಾಸ್ತ್ರದಲ್ಲಿ ಸಂಶೋಧನೆ ಮಾಡುವವಳು. ಕ್ಷೇಮಸಮಾಚಾರ ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಸರ, ತಪ್ಪು ತಿಳ್ಕೋಬ್ಯಾಡ್ರಿ. ಆ ಫೋಟೋ ಯಾರಿಗೂ ಕಳಸಬ್ಯಾಡ್ರಿ. ಅದನ್ನ ಮನ್ಯಾಗ ಇಟ್ಕೊಳ್ಳೋ ಹಂಗಿಲ್ರಿ" ಎಂದಳು.

ಅಂದು ಅವಳು ಒಂದು ಗಂಟೆ ಪಾಠ ಮಾಡಿದಳು. ಆಮೇಲೆ ಕೆಲವು ದಿನ ನಾನೂ ಹುಡುಕಿ ಓದಿದೆ. ಅದರ ಸಾರವನ್ನು, ನನ್ನ ತಪ್ಪು ಪಾಠ ಕೇಳಿದ ಎಲ್ಲ ತಂಡದವರಿಗೂ ತಿದ್ದುಪಡಿಯೆಂದು ಇಲ್ಲಿ ಕೊಡುತ್ತೇನೆ. ಎಸ್.ಎಸ್.ಎಲ್.ಸಿ. ಅಂಕಗಳು ಬದಲಾಗುವುದಿಲ್ಲ, ಚಿಂತೆ ಬೇಡ.

ಮೊದಲನೆಯದಾಗಿ, ಗರಗಸ ಮೀನು ಶಾರ್ಕ್ ಅಲ್ಲ. ಅದು ಕರಾವಳಿಯವರು ತೊರಕೆ ಎನ್ನುವ ಚಪ್ಪಟೆ ಮೀನುಗಳ ಬಳಗಕ್ಕೆ ಸೇರಿದ್ದು. ಶಾರ್ಕಿಗೂ ತೊರಕೆಗೂ ಮೂಳೆಯಿಲ್ಲ, ಮೃದ್ವಸ್ಥಿಯ ಹಂದರ, ಹಾಗಾಗಿ ದಾಯಾದಿಗಳು. ಆದರೆ ಶಾರ್ಕಿಗೆ ಕಿವಿರಿನ ಸೀಳುಗಳು ಕುತ್ತಿಗೆಯ ಪಕ್ಕದಲ್ಲಿ, ತೊರಕೆಗೆ ಕೆಳಮೈಯಲ್ಲಿ. ಗರಗಸ ಮೀನಿನದು ಕೆಳಮೈಯಲ್ಲಿ. ಮೈಮಾಟ ನೋಡಿ ಮೋಸಹೋಗುವುದು ಸುಲಭ. ವರ್ಗೀಕರಣದ ಪಿತಾಮಹ ಲಿನೇಯಸ್ ಕೂಡ 1758ರಲ್ಲಿ ಈ ಮೀನಿಗೆ ಹೆಸರಿಡುವಾಗ ಅದನ್ನು ಶಾರ್ಕುಗಳ 'ಸ್ಕ್ವಾಲಸ್' ಕುಲದಲ್ಲಿಯೇ ಸೇರಿಸಿದ್ದ. ಇದನ್ನು ಓದಿದಾಗ ನನಗೆ ಎಷ್ಟು ಸಮಾಧಾನವಾಯಿತೆಂದು ಹೇಳಲಾರೆ. ನಮ್ಮ ಸವಣೂರಿನ ದೊಡ್ಡಹುಣಸೆ ಮಠದ ಮರಗಳ ನೆನಪೂ ಬಂದಿತು. ಹುಣಸೆಗೂ ಅವಕ್ಕೂ ಯಾವ ನಂಟೂ ಇಲ್ಲ. ಅವು ಆಫ್ರಿಕಾ ಮೂಲದ ಬಾವೊಬಾಬ್ ಮರಗಳು. ಆದರೂ ಊರು ಇಟ್ಟ ಹೆಸರು ದೊಡ್ಡಹುಣಸೆ. ಕಾಣದ್ದನ್ನು ಕಂಡದ್ದರ ಹೆಸರಿನಿಂದ ಕರೆಯುವುದು ಮನುಷ್ಯರ ರೂಢಿ. ಊರಿನವರಿಗೆ ಅದು ಸಲ್ಲುತ್ತದೆ, ವಿಜ್ಞಾನದ ಶಿಕ್ಷಕನಿಗೆ ಸಲ್ಲದು.

ಎರಡನೆಯದು, ಹಲ್ಲಿಲ್ಲದ ಬುಡ. ಅದನ್ನು ಯಾವ ಮೀನುಗಾರರೂ ಕೆತ್ತಿರಲಿಲ್ಲ. ಜಗತ್ತಿನಲ್ಲಿರುವ ಗರಗಸ ಮೀನಿನ ಪ್ರಭೇದಗಳು ಐದು. ಅವುಗಳಲ್ಲಿ ಒಂದಕ್ಕೆ, ಅನಾಕ್ಸಿಪ್ರಿಸ್ಟಿಸ್ ಕಸ್ಪಿಡೇಟಾ ಎಂಬುದಕ್ಕೆ, ಬೆಳೆದ ಮೇಲೆ ಗರಗಸದ ಬುಡದ ಕಾಲುಭಾಗದಲ್ಲಿ ಹಲ್ಲುಗಳಿರುವುದಿಲ್ಲ, ಇರುವ ಹಲ್ಲುಗಳು ಚೂರಿಯಂತೆ ಚಪ್ಪಟೆಯಾಗಿರುತ್ತವೆ. ನಾನು ಕಳಿಸಿದ ಚಿತ್ರ ನೋಡಿದೊಡನೆ ಆ ಹುಡುಗಿ ಪ್ರಭೇದವನ್ನು ಹೇಳಿಬಿಟ್ಟಳು. ಮೂವತ್ತು ವರ್ಷ ನಾನು ಸುಳ್ಳು ಹೇಳಿ ಮುಚ್ಚಿದ ಜಾಗವೇ ಅದರ ಗುರುತಿನ ಚೀಟಿಯಾಗಿತ್ತು!

ಇನ್ನು ದೋಣಿ ಕೊಯ್ಯುವ ಕಥೆ. ಅವ್ವ ಹೇಳಿದ್ದೇ ನಿಜ. ಅದು ಮೂಗು, ಎಂದರೆ ಮುಂದಕ್ಕೆ ಚಾಚಿದ ಮೂತಿ. ಅಂಚಿನಲ್ಲಿರುವವು ನಿಜವಾದ ಹಲ್ಲುಗಳೂ ಅಲ್ಲ, ಮಾರ್ಪಾಡಾದ ಹುರುಪೆಗಳು. ಬುಡದಿಂದ ಕಿತ್ತುಹೋದರೆ ಮತ್ತೆ ಹುಟ್ಟುವುದಿಲ್ಲ. ಆ ಮೂತಿಯ ತುಂಬ ಸೂಕ್ಷ್ಮ ರಂಧ್ರಗಳಿವೆ. ನೀರಿನಲ್ಲಿ ಬೇರೆ ಜೀವಿಗಳ ಮೈಯಿಂದ ಹೊಮ್ಮುವ ಅತಿ ಸಣ್ಣ ವಿದ್ಯುತ್ತನ್ನು ಅವು ಗ್ರಹಿಸುತ್ತವೆ. ಕೆಸರು ನೀರಿನಲ್ಲಿ, ಕಣ್ಣು ಕಾಣದ ಕಡೆಯಲ್ಲಿ ಅದು ಮೂಗಿನಿಂದ ತಡಕಿ ಬೇಟೆ ಹುಡುಕುತ್ತದೆ. ಆಸ್ಟ್ರೇಲಿಯಾದ ಗರಗಸ ಮೀನುಗಳ ಮೇಲೆ ಪ್ರಯೋಗ ನಡೆಸಿದ ಬಾರ್ಬರಾ ವ್ಯೂರಿಂಗರ್ ಮತ್ತು ಸಂಗಡಿಗರು 2012ರಲ್ಲಿ ತೋರಿಸಿದಂತೆ, ಅದೇ ಮೂತಿಯನ್ನು ಪಕ್ಕಕ್ಕೆ ಬೀಸಿ ಮೀನನ್ನು ಹೊಡೆದು ಕೆಡವುವುದೂ ಉಂಟು. ಕುರುಡರ ಕೋಲು, ದನ ಕಾಯುವವರ ಬಡಿಗೆ ಎರಡೂ ಅದೇ. ದೋಣಿಯ ಗೊಡವೆ ಅದಕ್ಕಿಲ್ಲ.

ಇನ್ನೊಂದು ಸಂಗತಿ. ಗರಗಸ ಮೀನು ಮೊಟ್ಟೆ ಇಡುವುದಿಲ್ಲ, ಮರಿ ಹಾಕುತ್ತದೆ. ಮರಿ ಹುಟ್ಟುವಾಗ ಅದರ ಗರಗಸ ಮೆತ್ತಗಿದ್ದು, ತಾಯಿಯ ಹೊಟ್ಟೆಗೆ ಚುಚ್ಚದಂತೆ ಹಲ್ಲುಗಳ ಮೇಲೆ ಒಂದು ಪೊರೆಯ ಕವಚವಿರುತ್ತದೆ. ಕೆಲವು ದಿನಗಳಲ್ಲಿ ಅದು ಕಳಚಿಬೀಳುತ್ತದೆ. "ಯಾವ ತಾಯಿ ಮಗನೋ" ಎಂದ ಅವ್ವನ ಮಾತು ಇದನ್ನು ಓದಿದಾಗ ಮತ್ತೆ ಕಿವಿಗೆ ಬಿದ್ದಿತು.

ಇಂತಹ ಜೀವಿಗೆ ಕೇಡು ಬಂದದ್ದು ಆ ಮೂಗಿನಿಂದಲೇ. ಬೇರೆ ಮೀನು ಬಲೆಯ ಕಣ್ಣಿನಿಂದ ನುಸುಳಬಲ್ಲದು, ಹಿಂದೆ ಸರಿಯಬಲ್ಲದು. ಗರಗಸ ಮೀನಿನ ಹಲ್ಲು ಯಾವ ಬಲೆಗಾದರೂ ಸಿಕ್ಕಿಕೊಳ್ಳುತ್ತದೆ, ಕೊಸರಿದಷ್ಟೂ ಸುತ್ತಿಕೊಳ್ಳುತ್ತದೆ. ಮಚವೆ, ರಂಪಣಿಗಳ ಕಾಲದಲ್ಲಿ ಅದು ಆಗೊಂದು ಈಗೊಂದು. ತಳವನ್ನು ಗುಡಿಸಿಕೊಂಡು ಹೋಗುವ ಟ್ರಾಲ್ ಬಲೆಗಳು, ದಿನವಿಡೀ ನೀರಿನಲ್ಲಿ ನಿಲ್ಲುವ ನೈಲಾನ್ ಬಲೆಗಳು ಬಂದ ಮೇಲೆ ಆಸರೆ ಉಳಿಯಲಿಲ್ಲ. ಮರಿಗಳು ಬೆಳೆಯಬೇಕಾದ ಅಳಿವೆಗಳೂ ಕಾಂಡ್ಲಾ ತೋಪುಗಳೂ ಕುಗ್ಗಿದವು. ಮೇಲಾಗಿ ರೆಕ್ಕೆಗೆ ವಿದೇಶದಲ್ಲಿ ಬೆಲೆ, ಗರಗಸಕ್ಕೆ ನನ್ನಂತಹ ಗಿರಾಕಿಗಳು. ಒಂದು ಕಾಲಕ್ಕೆ 90 ದೇಶಗಳ ಕರಾವಳಿಯಲ್ಲಿದ್ದ ಗರಗಸ ಮೀನುಗಳು ಅವುಗಳಲ್ಲಿ ಅರ್ಧಕ್ಕೂ ಹೆಚ್ಚು ದೇಶಗಳಲ್ಲಿ ಇಲ್ಲವಾಗಿವೆಯೆಂದು 2021ರಲ್ಲಿಯೇ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿತು. ಸಿಹಿನೀರಿನ ನಿಕರಾಗುವ ಸರೋವರದಲ್ಲಿ 1970ರ ದಶಕದಲ್ಲಿ ಅವನ್ನು ಹಿಡಿಯುವುದೇ ಒಂದು ಉದ್ಯಮವಾಗಿತ್ತು. ಹತ್ತು ವರ್ಷಗಳಲ್ಲಿ ಹಿಡಿಯಲು ಮೀನೇ ಉಳಿಯಲಿಲ್ಲ. ಚೆನ್ನಾಗಿ ಉಳಿದಿರುವುದು ಉತ್ತರ ಆಸ್ಟ್ರೇಲಿಯಾದಲ್ಲಿ, ಅಮೆರಿಕದ ಫ್ಲಾರಿಡಾದಲ್ಲಿ. ಆ ಫ್ಲಾರಿಡಾದಲ್ಲಿಯೂ 2024ರ ಆರಂಭದಲ್ಲಿ ಮೀನುಗಳು ಗಿರಕಿ ಹೊಡೆಯುತ್ತ ಸಾಯತೊಡಗಿ, ಐವತ್ತಕ್ಕೂ ಹೆಚ್ಚು ಗರಗಸ ಮೀನುಗಳು ಸತ್ತವು. ಅಂತರರಾಷ್ಟ್ರೀಯ ಸಂಸ್ಥೆಯಾದ ಐ.ಯು.ಸಿ.ಎನ್. ಪ್ರಕಟಿಸುವ ಕೆಂಪು ಪಟ್ಟಿಯಲ್ಲಿ ಈಗ ಐದೂ ಪ್ರಭೇದಗಳು ಅತ್ಯಂತ ತೀವ್ರ ಅಪಾಯದ ವರ್ಗದಲ್ಲಿವೆ. ಅದರ ಮುಂದಿನ ಮೆಟ್ಟಿಲು ನಿಸರ್ಗದಲ್ಲಿ ನಿರ್ನಾಮ.

ನಮ್ಮ ದೇಶದಲ್ಲಿ 2001ರಲ್ಲಿ ತಿಮಿಂಗಿಲ ಶಾರ್ಕಿನ ಜೊತೆಗೆ ಗರಗಸ ಮೀನುಗಳನ್ನೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಗೆ ಸೇರಿಸಿದರು. ಹುಲಿಗೆ ಇರುವ ರಕ್ಷಣೆಯೇ ಅದಕ್ಕೂ. ನನ್ನ ಗರಗಸದ ಒಡೆಯನ ಹೆಸರು ಆ ಪಟ್ಟಿಯಲ್ಲಿ ಸ್ಪಷ್ಟವಾಗಿದೆ. 2007ರಲ್ಲಿ ಅಂತರರಾಷ್ಟ್ರೀಯ ವ್ಯಾಪಾರಕ್ಕೂ ತಡೆ ಬಿದ್ದಿತು. ಮನೆಗಳಲ್ಲಿ ಇಂತಹ ವಸ್ತುಗಳಿದ್ದವರು ಘೋಷಿಸಿಕೊಳ್ಳಲಿ ಎಂದು 2003ರ ಏಪ್ರಿಲ್‌ನಿಂದ 180 ದಿನಗಳ ಅವಕಾಶ ಕೊಟ್ಟಿದ್ದರಂತೆ. ಆ 180 ದಿನಗಳಲ್ಲಿ ನಾನು ಹಿರೇಕೆರೂರಿನಲ್ಲಿ ಅದನ್ನು ಕರಿಹಲಗೆಯ ಪಕ್ಕದ ಮೊಳೆಗೆ ತೂಗುಹಾಕಿ ಮಕ್ಕಳಿಂದ ಹಲ್ಲು ಎಣಿಸುತ್ತಿದ್ದೆ.

ಇಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಬೇರೆಯೇ ಒಂದು ನೆನಪು. ಶಿಗ್ಗಾವಿಯಲ್ಲಿದ್ದಾಗ ಪ್ರತಿವರ್ಷ ಮಕ್ಕಳನ್ನು ಬಂಕಾಪುರದ ಕೋಟೆಗೆ, ನವಿಲುಧಾಮಕ್ಕೆ ಕರೆದೊಯ್ಯುತ್ತಿದ್ದೆ. ನವಿಲೂ ಅದೇ ಅನುಸೂಚಿಯದು. ಕಂದಕದ ದಂಡೆಯಲ್ಲಿ ನಿಂತು ವನ್ಯಜೀವಿ ಕಾಯ್ದೆಯ ಬಗೆಗೆ ಉದ್ದುದ್ದ ಭಾಷಣ ಮಾಡುತ್ತಿದ್ದೆ. ಮರಳಿ ಬಂದು ಪ್ರಯೋಗಾಲಯದ ಬೀಗ ತೆಗೆದರೆ ಕಪಾಟಿನ ಮೇಲೆ ಗರಗಸ! ಎರಡನ್ನೂ ಜೋಡಿಸಿ ನೋಡುವ ಬುದ್ಧಿ ನನಗೆ ಬರಲಿಲ್ಲ. ಮೀನೆಂದರೆ ವನ್ಯಜೀವಿ ಎಂದು ಬಯಲುಸೀಮೆಯ ನಮ್ಮ ತಲೆಗೆ ಹೊಳೆಯುವುದೇ ಇಲ್ಲ. ಅದು ಪೇಟೆಯಲ್ಲಿ ತೂಕಕ್ಕೆ ಸಿಗುವ ಪದಾರ್ಥ.

ಹಾಗೆಂದು ಮಲ್ಪೆಯವರನ್ನೋ ಬೈತಖೋಲದವರನ್ನೋ ಬೈಯಲು ನಾನು ಸಿದ್ಧನಿಲ್ಲ. ಬಲೆ ಎಳೆದು ಮೇಲೆ ಬಂದ ಮೇಲೆಯೇ ಅದರಲ್ಲಿ ಏನಿದೆಯೆಂದು ತಿಳಿಯುವುದು. ಆಗ ಅದು ಬಹುಪಾಲು ಸತ್ತಿರುತ್ತದೆ. ಬದುಕಿದ್ದರೂ ಆ ಗರಗಸ ಬೀಸುವ ದೊಡ್ಡ ಮೀನನ್ನು ಬಿಡಿಸಲು ಸಾವಿರಾರು ರೂಪಾಯಿಯ ಬಲೆ ಕತ್ತರಿಸಬೇಕು. ಗುಜರಾತಿನಲ್ಲಿ 2004ರಿಂದ ತಿಮಿಂಗಿಲ ಶಾರ್ಕ್ ಉಳಿಸುವ ಆಂದೋಲನ ನಡೆಯಿತು. ಮೊರಾರಿ ಬಾಪು ಅವರಂತಹ ಪ್ರವಚನಕಾರರು ಅದನ್ನು ತವರಿಗೆ ಬಾಣಂತನಕ್ಕೆ ಬರುವ ಮಗಳೆಂದು ಜನರಿಗೆ ತಿಳಿಹೇಳಿದರು. ಕತ್ತರಿಸಿದ ಬಲೆಗೆ ಸರಕಾರ ಪರಿಹಾರವನ್ನೂ ಕೊಟ್ಟಿತು. ಮೀನುಗಾರರು ನೂರಾರು ಮೀನುಗಳನ್ನು ತಾವಾಗಿಯೇ ಬಿಟ್ಟರು. ಬಲೆಯ ನಷ್ಟ ಕಟ್ಟಿಕೊಡದೆ ಬರಿಯ ಕಾಯ್ದೆಯ ಕಾಗದ ತೋರಿಸಿದರೆ ಸಿಕ್ಕ ಮೀನು ಕತ್ತಲೆಯಲ್ಲಿ ಮಾಯವಾಗುತ್ತದೆ, ವರದಿಯೂ ಸಿಗುವುದಿಲ್ಲ, ಎಂದು ನನ್ನ ವಿದ್ಯಾರ್ಥಿನಿಯೂ ಹೇಳಿದಳು. ನನಗೂ ಅದೇ ಸರಿಯೆನಿಸುತ್ತದೆ.

ಗರಗಸದ ಗತಿ ಏನಾಯಿತೆಂದು ಹೇಳಿ ಮುಗಿಸುತ್ತೇನೆ. ಕರೆ ಬಂದ ಮೇಲೆ ಹತ್ತು ದಿನ ನಿದ್ದೆ ಸರಿಯಾಗಿ ಬರಲಿಲ್ಲ. ಹಿತ್ತಲಿನಲ್ಲಿ ಹುಗಿದುಬಿಡಿ ಎಂದು ಮನೆಯವರು ಸಲಹೆ ಕೊಟ್ಟರು. ನೆಂಟರೊಬ್ಬರು, "ಯಾರ ಬಂದ ನೋಡ್ತಾರ, ಅಟ್ಟದ ಮ್ಯಾಲ ಒಗೀರಿ" ಎಂದರು. ಇನ್ನೊಬ್ಬರು ಅದಕ್ಕೆ ಬೆಲೆ ಎಷ್ಟು ಬರಬಹುದೆಂದು ಕೇಳಿದರು. ಕಡೆಗೆ ಒಂದು ಅರ್ಜಿ ಬರೆದೆ: ಎಲ್ಲಿ, ಎಂದು, ಎಷ್ಟಕ್ಕೆ ಕೊಂಡೆ, ಯಾವ ಯಾವ ಶಾಲೆಗಳಲ್ಲಿ ಬಳಸಿದೆ, ಎಷ್ಟು ಹಲ್ಲು, ಯಾವುದು ಕಳೆದಿದೆ ಎಲ್ಲವನ್ನೂ. ಗರಗಸವನ್ನು ಅವ್ವನ ಹಳೆಯ ಇಳಕಲ್ಲ ಸೀರೆಯ ತುಂಡಿನಲ್ಲಿ ಸುತ್ತಿ ಅರಣ್ಯ ಇಲಾಖೆಯ ಕಚೇರಿಗೆ ಒಯ್ದು ಒಪ್ಪಿಸಿದೆ. ಏನಾಗುವುದೋ ಎಂಬ ಅಳುಕು ಇತ್ತು. ಅಲ್ಲಿದ್ದ ಯುವ ಅಧಿಕಾರಿ ಅರ್ಜಿಯನ್ನು ಎರಡು ಸಲ ಓದಿ, ಅಳತೆ ತೆಗೆದು, ಪಂಚನಾಮೆ ಬರೆಸಿ, ಸಹಿ ಮಾಡಿದ ಪ್ರತಿಯೊಂದನ್ನು ನನ್ನ ಕೈಗಿತ್ತರು. ಆಮೇಲೆ ತಾವೂ ಹಲ್ಲು ಎಣಿಸತೊಡಗಿದರು. ಇಪ್ಪತ್ತೆರಡು, ಇಪ್ಪತ್ತೆರಡು. ಆ ಪಂಚನಾಮೆಯ ಪ್ರತಿ ನನ್ನ ಪೆನ್ಷನ್ ಕಾಗದಗಳ ಕಡತದಲ್ಲಿದೆ. ಗೋಡೆಯ ಮೊಳೆ ಹಾಗೆಯೇ ಇದೆ. ಈಗ ಅದಕ್ಕೆ ಕ್ಯಾಲೆಂಡರ್ ಹಾಕಿದ್ದೇವೆ.

ಇನ್ನೊಂದು ಉತ್ತರ ಬಾಕಿ ಇದೆ. ಸವಣೂರಿನಲ್ಲಿ, 1991ರ ಆಸುಪಾಸು, ಎಂಟನೆಯ ತರಗತಿಯ ಹಿಂದಿನ ಬೆಂಚಿನಲ್ಲಿ ಕೂಡುತ್ತಿದ್ದ ಒಬ್ಬ ಹುಡುಗಿ ಗರಗಸವನ್ನು ತಿರುವಿ ಮುರುವಿ ನೋಡಿ, "ಸರ, ಇದು ಮೂಗಾದ್ರ ಬಾಯಿ ಎಲ್ಲಿರ್ತದ್ರಿ?" ಎಂದು ಕೇಳಿದ್ದಳು. ನನಗೆ ಗೊತ್ತಿರಲಿಲ್ಲ. "ಅಧಿಕಪ್ರಸಂಗ ಸಾಕು, ಕೂತ್ಕೋ" ಎಂದಿದ್ದೆ. ಇಡೀ ತರಗತಿ ನಕ್ಕಿತ್ತು. ಆ ವರ್ಷದ ನಂತರ ಅವಳು ಶಾಲೆಗೆ ಬರಲಿಲ್ಲ. ಮದುವೆಯಾಯಿತೆಂದು ಯಾರೋ ಹೇಳಿದರು. ನಾನಾಗಲಿ ಲಿನೇಯಸ್ ಆಗಲಿ ಎಡವಿದ ಜಾಗಕ್ಕೆ ಅವಳು ನೇರವಾಗಿ ಕೈಯಿಟ್ಟಿದ್ದಳು. ಇದನ್ನು ಓದುವವರಲ್ಲಿ ಅವಳ ಓರಗೆಯವರು ಯಾರಾದರೂ ಇದ್ದರೆ ಅವಳಿಗೆ ತಿಳಿಸಿರಿ. ಬಾಯಿ ಗರಗಸದ ಬುಡದ ಹಿಂದೆ, ತಲೆಯ ಕೆಳಮಗ್ಗುಲಲ್ಲಿ ಇರುತ್ತದೆ ತಂಗಿ. ಕಿವಿರುಗಳೂ ಅಲ್ಲಿಯೇ, ಬಾಯಿಯ ಹಿಂದೆ, ಬದಿಗೆ ಐದೈದು.